ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ಸೀಶೆಲ್ಸ್

ಹಿಂದೂ ಮಹಾಸಾಗರದ ದ್ವೀಪದೇಶ ಸೀಶೆಲ್ಸ್ ಅಂದ್ರೆ ಹನಿಮೂನ್ ಜಾಗ, ದುಡ್ಡಿದ್ದೋರ ಜಾಗ ಅಂತಾನೇ ಎಲ್ರೂ ಅಂದ್ಕೊಂಡಿರೋದು, ಅದ್ರಲ್ಲಿ ಸುಳ್ಳೇನಿಲ್ಲ, ಒಂದು ರಾತ್ರಿಗೆ ಲಕ್ಷ ರೂಪಾಯಿ ತಗೊಳ್ಳೋ ರೆಸಾರ್ಟ್‌ಗಳು ಅಲ್ಲಿವೆ. ಆದ್ರೆ ಅದೇ ದೇಶದಲ್ಲಿ ಒಂದು ಲಕ್ಷ ಚಿಲ್ಲರೆ ಜನ ದಿನಾ ಬಸ್ಸಲ್ಲಿ ಓಡಾಡ್ತಾರೆ, ಅನ್ನ ಮೀನು ತಿಂತಾರೆ, ಭಾನುವಾರ ಮನೆಮಂದಿಯೆಲ್ಲ ಸೇರಿ ಬೀಚಿಗೆ ಹೋಗ್ತಾರೆ. ಅವ್ರು ಓಡಾಡೋ ಹಾಗೇ ನಾವೂ ಓಡಾಡಿದ್ರೆ ಎಷ್ಟಾಗ್ಬಹುದು ಅಂತ ನಾನು ನನ್ನ ತಮ್ಮ ಮಾರ್ಚ್‌ನಿಂದಾನೇ ಲೆಕ್ಕ ಹಾಕೋಕೆ ಕೂತ್ವಿ, ಅಕ್ಟೋಬರ್‌ನಲ್ಲಿ ದಸರಾ ರಜೆಗೆ ಇನ್ನೊಂದಿಷ್ಟು ರಜೆ ಸೇರಿಸ್ಕೊಂಡು ಹೋಗ್ಬಂದ್ವಿ. ಪ್ಲಾನಿಂಗ್ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಇಂಥ ದೇಶಕ್ಕೆ ಹೋಗೋವಾಗ ಉಳಿಸೋದನ್ನೆಲ್ಲ ಮನೇಲಿ ಕೂತೇ ಉಳಿಸ್ಬೇಕು, ಅಲ್ಲಿ ಇಳಿದ್ಮೇಲೆ ಉಳಿಸೋಕೆ ದಾರಿಗಳು ಕಮ್ಮಿ.

ಹೋಗೋಕೆ ಮುಂಚೆ

ನಮ್ಮೋರಿಗೆ ಸೀಶೆಲ್ಸ್‌ಗೆ ವೀಸಾ ಬೇಡ, ಆನ್‌ಲೈನ್‌ನಲ್ಲಿ ಟ್ರಾವೆಲ್ ಆಥರೈಸೇಷನ್ ಅಂತ ಒಂದು ತಗೋಬೇಕು, ಅದಕ್ಕೊಂದು ಸಣ್ಣ ಫೀಸಿದೆ. ಹಂಗಂತ ಟಿಕೆಟ್ ತಗೊಂಡು ಸುಮ್ನೆ ಹೋಗಿ ಇಳಿಯೋ ಹಂಗಿಲ್ಲ. ವಾಪಸ್ ಟಿಕೆಟ್ ತೋರಿಸ್ಬೇಕು, ಇರೋಷ್ಟೂ ರಾತ್ರಿಗೆ ರೂಮ್ ಬುಕ್ ಆಗಿರ್ಬೇಕು, ದಿನಕ್ಕೆ 150 ಡಾಲರ್ ಲೆಕ್ಕದಲ್ಲಿ ಖರ್ಚಿಗೆ ದುಡ್ಡಿದೆ ಅಂತ ಕೇಳಿದ್ರೆ ತೋರಿಸೋಕೆ ರೆಡಿ ಇರ್ಬೇಕು (ಅಷ್ಟೂ ಖರ್ಚು ಮಾಡ್ಬೇಕು ಅಂತೇನಿಲ್ಲ, ಕೈಯಲ್ಲೋ ಅಕೌಂಟಲ್ಲೋ ಇದ್ರಾಯ್ತು). ಅಂದ್ರೆ ಥಾಯ್ಲೆಂಡ್, ವಿಯೆಟ್ನಾಂ ಕಡೆ ಹೋಗೋರು ಮಾಡೋ ಥರ "ಇವತ್ತು ಇಲ್ಲಿ, ನಾಳೆ ನೋಡೋಣ" ಅನ್ನೋ ಬ್ಯಾಕ್‌ಪ್ಯಾಕಿಂಗ್ ಇಲ್ಲಿ ನಡಿಯಲ್ಲ.

"ಅಕ್ಕ, ಟೆಂಟ್ ತಗೊಂಡ್ಹೋಗೋಣ ಕಣೆ, ರೂಮ್ ದುಡ್ಡೇ ಉಳಿಯುತ್ತಲ್ಲ" ಅಂದ ತಮ್ಮ. ಅವ್ನು ಕುದುರೆಮುಖ, ಕುಮಾರಪರ್ವತ ಅಂತ ಸುತ್ತಿದವ್ನು, ಅವ್ನಿಗೆ ಮೊದಲು ಹೊಳೆಯೋದೇ ಅದು. ಸೀಶೆಲ್ಸ್‌ನಲ್ಲಿ ಕ್ಯಾಂಪಿಂಗ್ ಮಾಡೋ ಹಾಗೇ ಇಲ್ಲ ಕಣೋ, ಬೀಚಲ್ಲಿ ರಾತ್ರಿ ಮಲಗೋಕೆ ಬಿಡಲ್ಲ ಅಂತ ಹೇಳ್ದೆ. ಹಾಸ್ಟೆಲ್‌ಗಳೂ ಇಲ್ಲ ಅನ್ನೋಷ್ಟು ಕಮ್ಮಿ. ಉಳಿಯೋದು ಒಂದೇ ದಾರಿ, ಅಲ್ಲಿನ ಮನೆಯವ್ರು ಬಾಡಿಗೆಗೆ ಕೊಡೋ ಸೆಲ್ಫ್ ಕೇಟರಿಂಗ್ ರೂಮು, ಒಂದು ಸ್ಟವ್, ಫ್ರಿಜ್, ನಾಲ್ಕು ಪಾತ್ರೆ ಇರುತ್ತೆ, ನಾವೇ ಬೇಯಿಸ್ಕೋಬೇಕು. ಇಬ್ರಿಗೆ ಸೇರಿ ರಾತ್ರಿಗೆ 60ರಿಂದ 80 ಯೂರೋ ಒಳಗೆ ಹುಡುಕಿದ್ವಿ, ಆರು ತಿಂಗಳು ಮುಂಚೆ ಹುಡುಕಿದ್ದಕ್ಕೇ ಸಿಕ್ತು. ಇದ್ರ ಮೇಲೆ ಪರಿಸರ ಸುಂಕ ಅಂತ ಒಂದಿದೆ, ಚಿಕ್ಕ ಗೆಸ್ಟ್‌ಹೌಸಾದ್ರೆ ತಲೆಗೆ ರಾತ್ರಿಗೆ 25 ಸೀಶೆಲ್ಸ್ ರೂಪಾಯಿ, ದೊಡ್ಡ ಹೋಟೆಲಾದ್ರೆ ಇನ್ನೂ ಜಾಸ್ತಿ. ಅಲ್ಲಿಯ ಒಂದು ರೂಪಾಯಿ ಅಂದ್ರೆ ನಮ್ಮ ಆರು ರೂಪಾಯಿ ಹತ್ತಿರ ಹತ್ತಿರ.

ಒಂದು ದೊಡ್ಡ ಹಾಳೆ ತಗೊಂಡು ಯಾವುದು ದುಬಾರಿ ಯಾವುದು ಅಗ್ಗ ಅಂತ ಬರ್ಕೊಂಡು ಹೋದ್ವಿ, ಅದರಿಂದಾನೇ ಟ್ರಿಪ್‌ಗೆ ಒಂದು ಆಕಾರ ಬಂದಿದ್ದು. ದುಬಾರಿ ಅಂದ್ರೆ ಮಲಗೋದು, ಒಂದು ದ್ವೀಪದಿಂದ ಇನ್ನೊಂದಕ್ಕೆ ನೀರು ದಾಟೋದು, ರೆಸ್ಟೋರೆಂಟಲ್ಲಿ ಕೂತು ಊಟ ಮಾಡೋದು, ಟ್ಯಾಕ್ಸಿ. ಅಗ್ಗ ಅಂದ್ರೆ ಬಸ್ಸು, ಅಲ್ಲೇ ಹಿಡಿಯೋ ಟ್ಯೂನಾ ಮೀನು, ಮತ್ತೆ ನಡಿಗೆ. ಬೀಚ್‌ಗಳೆಲ್ಲ ಕಾನೂನಿನ ಪ್ರಕಾರ ಸಾರ್ವಜನಿಕ, ರೆಸಾರ್ಟ್ ಮುಂದಿನ ಮರಳೂ ಎಲ್ಲರದ್ದೇ. 115 ದ್ವೀಪ ಇದ್ರೂ ನಮ್ಮಂಥೋರು ಹೋಗೋಕಾಗೋದು ಮಾಹೆ, ಪ್ರಾಸ್ಲಿನ್, ಲಾ ಡೀಗ್ ಈ ಮೂರಕ್ಕೇ. ದ್ವೀಪ ಬದಲಾಯಿಸಿದಷ್ಟೂ ಫೆರ್ರಿ ದುಡ್ಡು, ಅದಕ್ಕೇ ಮಾಹೆಯಲ್ಲಿ ಜಾಸ್ತಿ ದಿನ, ಆಮೇಲೆ ಪ್ರಾಸ್ಲಿನ್, ಅಲ್ಲಿಂದ ಲಾ ಡೀಗ್, ಒಂದೇ ಸುತ್ತು, ಹಿಂದೆ ಮುಂದೆ ಓಡಾಟ ಇಲ್ಲ ಅಂತ ತೀರ್ಮಾನ ಆಯ್ತು.

ತಿಂಗಳೂ ಮುಖ್ಯ. ಮೇನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ ಜೋರು, ಸಮುದ್ರ ಒರಟು, ಎಷ್ಟೋ ಬೀಚಿಗೆ ಪಾಚಿ ಬಂದು ಬೀಳುತ್ತೆ. ಡಿಸೆಂಬರ್ ಜನವರಿಯಲ್ಲಿ ವಾಯವ್ಯದ ಗಾಳಿ ಜೊತೆ ಜೋರು ಮಳೆ, ರೇಟೂ ಜಾಸ್ತಿ. ಗಾಳಿ ತಿರುಗೋ ಏಪ್ರಿಲ್, ಅಕ್ಟೋಬರ್ ಆಸುಪಾಸು ಕಡಲು ಶಾಂತ. ಸಮಭಾಜಕದಿಂದ ಬರೀ ನಾಲ್ಕು ಡಿಗ್ರಿ ಕೆಳಗಿರೋದ್ರಿಂದ ವರ್ಷಪೂರ್ತಿ ಸಂಜೆ ಆರೂಕಾಲು ಆರೂವರೆಗೆಲ್ಲ ಕತ್ತಲು, ಅದನ್ನೂ ಲೆಕ್ಕಕ್ಕೆ ತಗೋಬೇಕು.

ಬ್ಯಾಗ್ ಚಿಕ್ಕದಿರ್ಲಿ ಅಂತ ಪದೇ ಪದೇ ಹೇಳ್ತೀನಿ, ಅಲ್ಲಿ ಬಸ್ಸಲ್ಲಿ ದೊಡ್ಡ ಸೂಟ್‌ಕೇಸ್ ಹತ್ತಿಸ್ಕೊಳ್ಳಲ್ಲ. ತೊಡೆ ಮೇಲೆ ಇಟ್ಕೊಳ್ಳೋಷ್ಟು ಬ್ಯಾಗ್ ಇದ್ರೆ ಟ್ಯಾಕ್ಸಿ ದುಡ್ಡು ಪೂರ್ತಿ ಉಳೀತು. ಅಮ್ಮ ಸಾಗರದಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ತೋಟದ ಬಾಳೆಕಾಯಿ ಎಲ್ಲಾ ಕಳ್ಸೋಕೆ ಹೊರಟಿದ್ರು, ಆ ದೇಶದಲ್ಲಿ ಹಣ್ಣು, ತರಕಾರಿ, ಬೀಜ, ಮಾಂಸ ಒಳಗೆ ಬಿಡೋದ್ರಲ್ಲಿ ತುಂಬ ಕಟ್ಟುನಿಟ್ಟು, ದ್ವೀಪದ ಗಿಡಮರಕ್ಕೆ ಹೊರಗಿನ ರೋಗ ಬರಬಾರ್ದು ಅಂತ, ಅದು ಸರಿಯಾದ ಕಾನೂನೇ. ಅಂಗಡಿಯ ಸೀಲ್ ಆಗಿರೋ ಚಟ್ನಿಪುಡಿ, ರಸಂ ಪುಡಿ, ಪುಳಿಯೋಗರೆ ಪ್ಯಾಕೆಟ್ ಮಾತ್ರ ತಗೊಂಡ್ವಿ. ನಾನು ಸಸ್ಯಾಹಾರಿ, ತಮ್ಮ ಮೀನು ತಿಂತಾನೆ.

ಮಂಗಳವಾರ

ಬೆಂಗಳೂರಿಂದ ಮುಂಬೈ, ಅಲ್ಲಿಂದ ನಾಲ್ಕೂವರೆ ಗಂಟೆ ಆಸುಪಾಸು ಮಾಹೆಗೆ. ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸ್ಬೇಕು. ಇಳಿಯೋವಾಗ ಒಂದು ಕಡೆ ನೀಲಿ ಕಡಲು ಇನ್ನೊಂದು ಕಡೆ ಕಡಿದಾದ ಹಸಿರು ಬೆಟ್ಟ, ಮಧ್ಯದಲ್ಲಿ ರನ್‌ವೇ. ಈ ಏರ್‌ಪೋರ್ಟ್ ಶುರುವಾಗಿದ್ದು 1971ರಲ್ಲಿ, ಅದಕ್ಕೂ ಮುಂಚೆ ಇಲ್ಲಿಗೆ ಬರ್ಬೇಕಂದ್ರೆ ಹಡಗೇ ಗತಿ, ಹಂಗಾಗಿ ಟೂರಿಸಂ ಅನ್ನೋದು ಇಲ್ಲಿ ಒಂದೇ ತಲೆಮಾರಿನ ಕಥೆ.

ಇಮಿಗ್ರೇಷನ್‌ನಲ್ಲಿ ರೂಮ್ ಬುಕಿಂಗ್ ಎಲ್ಲಾ ಪ್ರಿಂಟ್ ತೋರಿಸಿದ್ವಿ, ಏನೂ ತೊಂದ್ರೆ ಆಗ್ಲಿಲ್ಲ. ಹೊರಗೆ ಬಂದು ರಸ್ತೆ ದಾಟಿದ್ರೆ ಬಸ್ ಸ್ಟಾಪ್. ಬಂದಿದ್ದು ಟಾಟಾ ಬಸ್ಸು! ಎಷ್ಟೇ ದೂರ ಹೋದ್ರೂ ಒಂದೇ ದರ, ಅಲ್ಲಿಯ ಹತ್ತು ಹನ್ನೆರಡು ರೂಪಾಯಿ. ಅದೇ ವಿಮಾನದಲ್ಲಿ ಬಂದೋರೆಲ್ಲ ಟ್ಯಾಕ್ಸಿ ಹತ್ತಿದ್ರು, ನಾವು ಸ್ಕೂಲ್ ಮಕ್ಕಳ ಮಧ್ಯ ಬ್ಯಾಗ್ ತೊಡೆ ಮೇಲಿಟ್ಕೊಂಡು ರಾಜಧಾನಿ ವಿಕ್ಟೋರಿಯಾ ಸೇರಿದ್ವಿ. ಇಳಿಯೋರು "ದೆವಾ!" ಅಂತ ಕೂಗ್ತಾರೆ, ಡ್ರೈವರ್ ನಿಲ್ಲಿಸ್ತಾನೆ. ಘಾಟಿ ರಸ್ತೆಗೆ ತಡೆಗೋಡೆ ಅಷ್ಟಕ್ಕಷ್ಟೇ, ಡ್ರೈವರ್‌ಗಳು ಮಾತ್ರ ಎಷ್ಟು ಸಲೀಸಾಗಿ ತಿರುಗಿಸ್ತಾರೆ ಅಂದ್ರೆ ಆಗುಂಬೆ ಘಾಟಿಯಲ್ಲಿ ಓಡಾಡಿದ ನಮಗೂ ಕಿಟಕಿ ಹಿಡ್ಕೊಂಡು ಕೂರೋ ಹಾಗಾಯ್ತು.

ಸರ್ಕಾರಿ ಎಸ್‌ಟಿಸಿ ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ಬೇಳೆ, ಮೊಟ್ಟೆ, ಎಣ್ಣೆ, ಬ್ರೆಡ್ ತಗೊಂಡ್ವಿ. ರೇಟ್ ನೋಡಿದಾಗ ಈ ದೇಶ ಯಾಕೆ ದುಬಾರಿ ಅಂತ ಅರ್ಥ ಆಗುತ್ತೆ, ಮೀನು, ತೆಂಗು, ಒಂದಿಷ್ಟು ಹಣ್ಣು ತರಕಾರಿ ಬಿಟ್ರೆ ಹೆಚ್ಚುಕಮ್ಮಿ ಎಲ್ಲಾ ಹಡಗಲ್ಲಿ ಬರ್ಬೇಕು. ಒಂದು ಕ್ಯಾರೆಟ್ ತಗೊಂಡ್ರೂ ಸಾವಿರಾರು ಕಿಲೋಮೀಟರ್ ಕಡಲು ದಾಟಿದ ಖರ್ಚನ್ನ ನಾವೇ ಕೊಡ್ತೀವಿ. ಅದು ಅಲ್ಲಿಯ ಜನಕ್ಕೂ ದುಬಾರಿನೇ ಅನ್ನೋದನ್ನ ಮರೀಬಾರ್ದು.

ರೂಮ್ ಇದ್ದಿದ್ದು ಬೋ ವಾಲೋನಲ್ಲಿ, ವಿಕ್ಟೋರಿಯಾದಿಂದ ಒಂದು ಗುಡ್ಡ ಹತ್ತಿಳಿದ್ರೆ ಸಿಗೋ ಉದ್ದನೆ ಬೀಚು. ಮನೆಯಾಕೆ ಅರವತ್ತು ದಾಟಿದ ಕ್ರಿಯೋಲ್ ಅಮ್ಮ (ಅಲ್ಲಿಯ ಜನಕ್ಕೂ ಅವ್ರ ಭಾಷೆಗೂ ಇದೇ ಹೆಸರು), ಕ್ರಿಯೋಲ್, ಇಂಗ್ಲಿಷ್, ಫ್ರೆಂಚ್ ಮೂರೂ ಸರಾಗ. ಅಂಗಳದಲ್ಲಿ ಮಾವು, ಬಾಳೆ, ಬಿಂಬುಳಿ ಗಿಡ, ಮತ್ತೆ ಒಂದು ದೊಡ್ಡ ದೀವಿಹಲಸಿನ ಮರ. ಕರಾವಳಿಯೋರು ಜೀಗುಜ್ಜೆ ಅನ್ನೋದು ಇದಕ್ಕೇ. ನಾನು ಅದನ್ನ ನೋಡಿ ನಿಂತಿದ್ದು ನೋಡಿ ಆಯಮ್ಮ ಒಂದು ಕಾಯಿ ಕೊಯ್ಸಿ ಕೊಟ್ರು, ಇದನ್ನ ತಿಂದೋರು ಸೀಶೆಲ್ಸ್‌ಗೆ ವಾಪಸ್ ಬರ್ತಾರೆ ಅಂತ ಇಲ್ಲಿ ನಂಬಿಕೆ ಅಂದ್ರು. ತೆಂಗಿನೆಣ್ಣೆಯಲ್ಲಿ ಹೋಳು ಹುರಿದು ಮೇಲೆ ಚಟ್ನಿಪುಡಿ ಹಾಕಿ ಅವ್ರಿಗೂ ಒಂದು ತಟ್ಟೆ ಕೊಟ್ಟೆ, ಖಾರಕ್ಕೆ ಕಣ್ಣಲ್ಲಿ ನೀರು ಬಂದ್ರೂ ಪೂರ್ತಿ ತಿಂದ್ರು. ಅಲ್ಲಿಂದ ಪ್ರತಿ ಬೆಳಗ್ಗೆ ಬಾಗಿಲ ಹತ್ರ ಏನಾದ್ರೂ ಒಂದು ಇಟ್ಟಿರ್ತಿತ್ತು, ಬಾಳೆಹಣ್ಣೋ, ಪಪ್ಪಾಯಿಯೋ. ನಮ್ಮ ತರಕಾರಿ ಖರ್ಚು ಅರ್ಧ ಇಳಿದಿದ್ದು ಆಯಮ್ಮನಿಂದ.

ಬುಧವಾರ

ವಿಕ್ಟೋರಿಯಾ ರಾಜಧಾನಿ ಅಂತಾರೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ನಿಮಿಷದ ನಡಿಗೆ. ಮಧ್ಯದಲ್ಲಿ ಬೆಳ್ಳಿಬಣ್ಣದ ಚಿಕ್ಕ ಗಡಿಯಾರ ಗೋಪುರ, 1903ರದ್ದು. ಸೆಲ್ವಿನ್ ಕ್ಲಾರ್ಕ್ ಮಾರ್ಕೆಟ್‌ಗೆ ಬೆಳಗ್ಗೆ ಬೇಗ ಹೋಗ್ಬೇಕು, ಮೀನಿನ ಕಟ್ಟೆ ಮೇಲೆ ಬೆಳ್ಳಕ್ಕಿಗಳು ಗಿರಾಕಿಗಳ ಜೊತೆ ಸಾಲಾಗಿ ನಿಂತಿರುತ್ವೆ. ದಾಲ್ಚಿನ್ನಿ ಚಕ್ಕೆ, ವೆನಿಲ್ಲಾ, ಮೆಣಸಿನ ಸಾಸ್, ಜಾಕಾಯಿ. ಟೂರಿಸ್ಟ್‌ಗಳಿಗೆ ಅಂತ ಕಟ್ಟಿಟ್ಟ ಪುಟ್ಟ ಪ್ಯಾಕೆಟ್ ಬಿಟ್ಟು ಒಳಗಿನ ಸಾಲಿಗೆ ಹೋದ್ರೆ ರೇಟ್ ಇಳಿಯುತ್ತೆ.

ಮಾರ್ಕೆಟಿಂದ ಸ್ವಲ್ಪ ದೂರ ಕ್ವಿನ್ಸಿ ಸ್ಟ್ರೀಟ್‌ನಲ್ಲಿ ನವಶಕ್ತಿ ವಿನಾಯಗರ್ ದೇವಸ್ಥಾನ, ಬಣ್ಣದ ಗೋಪುರ, 1992ರಲ್ಲಿ ಪ್ರತಿಷ್ಠೆ ಆಗಿದ್ದು. ಕಟ್ಟಿದ್ದು ತಮಿಳರು, ಅಂಗಡಿ ವ್ಯಾಪಾರದಲ್ಲಿ ತಲೆಮಾರುಗಳಿಂದ ಇಲ್ಲೇ ಇರೋರು. ಈ ದ್ವೀಪಗಳಲ್ಲಿ ಮೂಲನಿವಾಸಿಗಳು ಅಂತ ಯಾರೂ ಇರ್ಲಿಲ್ಲ, 1770ರಲ್ಲಿ ಪಕ್ಕದ ಸೇಂಟ್ ಆನ್ ದ್ವೀಪಕ್ಕೆ ಬಂದಿಳಿದ ಮೊದಲ ಗುಂಪಲ್ಲಿ ಫ್ರೆಂಚರು, ಆಫ್ರಿಕಾದ ಗುಲಾಮರ ಜೊತೆ ಐದು ಜನ ಭಾರತೀಯರೂ ಇದ್ರು. ಅವ್ರನ್ನ ಯಾರು ಯಾಕೆ ಕರ್ಕೊಂಡು ಬಂದ್ರು, ಮನೆ ಕಡೆ ಮತ್ತೆ ಹೋದ್ರಾ ಅಂತ ನಂಗೆ ಅಲ್ಲಿ ಕೂತಾಗ ತುಂಬ ಹೊತ್ತು ತಲೇಲಿ ಓಡ್ತಾ ಇತ್ತು. ಮಂಗಳಾರತಿ ತಗೊಂಡು ಪ್ರಸಾದ ತಿಂದು ಹೊರಟ್ವಿ.

ಬುಧವಾರ ಮಾಹೆಯಲ್ಲೇ ಇರೋ ಹಾಗೆ ಪ್ಲಾನ್ ಮಾಡಿದ್ದಕ್ಕೆ ಕಾರಣ ಬಜಾರ್ ಲಾಬ್ರಿನ್, ಬೋ ವಾಲೋನಲ್ಲಿ ಅವತ್ತು ಸಂಜೆ ಬೀಚ್ ಪಕ್ಕ ಸಂತೆ ಸೇರುತ್ತೆ. ಸುಟ್ಟ ಮೀನು, ದೀವಿಹಲಸಿನ ಚಿಪ್ಸು, ಎಳನೀರು, ಸಂಗೀತ. ಅಲ್ಲಿ ಬೇಳೆ ರುಬ್ಬಿ ಮೆಣಸಿನಕಾಯಿ ಹಾಕಿ ಕರಿದ ಚಿಲ್ಲಿ ಕೇಕ್ ಅಂತ ಮಾರ್ತಾರೆ, ಬಾಯಿಗೆ ಹಾಕಿದ ತಕ್ಷಣ "ಅಕ್ಕ, ಇದು ಮಸಾಲೆ ವಡೆನೇ ಕಣೆ!" ಅಂತ ತಮ್ಮ ಕೂಗಿದ. ಬಾಳೆಹಣ್ಣನ್ನ ತೆಂಗಿನಹಾಲಲ್ಲಿ ವೆನಿಲ್ಲಾ ಜಾಕಾಯಿ ಹಾಕಿ ಬೇಯಿಸಿದ ಲಡೋಬ್ ನಂಗೆ ತುಂಬ ಹಿಡಿಸ್ತು, ನಮ್ಮ ರಸಾಯನ ಮಾಡೋರು ಒಂದ್ಸಲ ಇದನ್ನೂ ಮಾಡಿ ನೋಡಿ. ರೆಸ್ಟೋರೆಂಟಲ್ಲಿ ಒಬ್ಬರ ಊಟಕ್ಕೆ ಆಗೋ ದುಡ್ಡಲ್ಲಿ ಇಬ್ರೂ ಹೊಟ್ಟೆ ತುಂಬ ತಿಂದ್ವಿ.

ಗುರುವಾರ

ಈ ಇಡೀ ಟ್ರಿಪ್‌ನಲ್ಲಿ ಒಂದೇ ದಿನ ಮತ್ತೆ ಸಿಗುತ್ತೆ ಅಂದ್ರೆ ನಾನು ಈ ಗುರುವಾರವನ್ನೇ ಕೇಳ್ತೀನಿ. ವಿಕ್ಟೋರಿಯಾದಿಂದ ಸಾನ್ ಸೂಸಿ ರಸ್ತೆಯಲ್ಲಿ ಪೋರ್ ಗ್ಲೋಗೆ ಹೋಗೋ ಬಸ್ ಹತ್ತಿ ಮೊದಲು ಮಿಷನ್ ಲಾಡ್ಜ್ ಹತ್ರ ಇಳಿದ್ವಿ. 1876ರಲ್ಲಿ ಇಲ್ಲೊಂದು ಶಾಲೆ ಇತ್ತು, ಅರಬ್ಬರ ಹಡಗುಗಳಿಂದ ಬ್ರಿಟಿಷ್ ನೌಕಾಪಡೆ ಬಿಡಿಸಿದ ಗುಲಾಮರ ಮಕ್ಕಳಿಗೆ ಅಂತ ಮಾಡಿದ್ದು. ಈಗ ಕಾಡಿನ ಮಧ್ಯ ಮುರಿದ ಗೋಡೆಗಳು, ಒಂದು ವ್ಯೂ ಪಾಯಿಂಟು. ಜನ ಫೋಟೋ ತಗೊಂಡು ಹೋಗ್ತಾರೆ, ಬೋರ್ಡ್ ಓದ್ಕೊಂಡು ಸ್ವಲ್ಪ ಹೊತ್ತು ಇರ್ಬೇಕಾದ ಜಾಗ ಅದು. ಇದೇ ಸಾನ್ ಸೂಸಿಯಲ್ಲೇ 1956ರಲ್ಲಿ ಸೈಪ್ರಸ್‌ನ ಆರ್ಚ್‌ಬಿಷಪ್ ಮಕಾರಿಯೋಸ್‌ನ ಬ್ರಿಟಿಷರು ತಂದು ಇಟ್ಟಿದ್ದು. ತಮಗೆ ಆಗದೋರನ್ನೆಲ್ಲ ಅವ್ರು ಈ ದ್ವೀಪಗಳಿಗೆ ಗಡೀಪಾರು ಮಾಡ್ತಿದ್ರು, ಈಗಿನ ಘಾನಾದಲ್ಲಿದ್ದ ಅಶಾಂತಿ ಅನ್ನೋ ರಾಜ್ಯದ ದೊರೆ ಪ್ರೆಂಪೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಲ್ಲಿ ಕಳೆದ್ರು, 1924ರಲ್ಲಿ ಬಿಡುಗಡೆ ಆಯ್ತು.

ಅಲ್ಲಿಂದ ಮುಂದೆ ಟೀ ಫ್ಯಾಕ್ಟರಿ, ಅದರ ಹತ್ರಾನೇ ಮೋರ್ನ್ ಬ್ಲಾಂಗೆ ಹತ್ತೋ ದಾರಿ. 667 ಮೀಟರ್ ಎತ್ತರ, ನಮ್ಮ ಕಡೆ ಬೆಟ್ಟ ಹತ್ತಿದೋರಿಗೆ ದೊಡ್ಡದೇನಲ್ಲ, ಆದ್ರೆ ಬೇರು, ಜಾರೋ ಕಲ್ಲು, ತೇವ, ಮಲೆನಾಡಿನ ಕಾಡೊಳಗೆ ಹೊಕ್ಕ ಹಾಗೇ ಇತ್ತು. ದಾರಿ ಪಕ್ಕ ದಾಲ್ಚಿನ್ನಿ ಮರಗಳು ಎಲ್ಲಿ ನೋಡಿದ್ರೂ, ಫ್ರೆಂಚರು 1770ರ ದಶಕದಲ್ಲಿ ತಂದು ನೆಟ್ಟಿದ್ದು, ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿ ಈಗ ಬೆಟ್ಟಾನೇ ತುಂಬ್ಕೊಂಡಿದೆ, ಅಲ್ಲಿಯ ಸ್ವಂತ ಗಿಡಗಳಿಗೆ ಜಾಗ ಇಲ್ದಂಗೆ ಮಾಡಿದೆ.

ಮೇಲಕ್ಕೆ ಹೋಗ್ತಾ ಮಂಜಲ್ಲಿ ಸಣ್ಣಗೆ ಚುಯ್ ಅನ್ನೋ ಸದ್ದು. ಜೀರುಂಡೆ ಅಂದ್ಕೊಂಡ್ವಿ. ಕೆಳಗೆ ಇಳೀತಿದ್ದ ಪಾರ್ಕ್ ಕೆಲಸದವ್ರೊಬ್ರು ನಿಂತು ಅದು ಕಪ್ಪೆ ಅಂದ್ರು, ಅವ್ರ ಕಿರುಬೆರಳ ಉಗುರು ತೋರಿಸಿ ಇಷ್ಟೇ ಇರುತ್ತೆ ಅಂದ್ರು. ಗಾರ್ಡಿನರ್ ಕಪ್ಪೆ, ದೊಡ್ಡದಾದ್ರೂ 11 ಮಿಲಿಮೀಟರ್ ಆಸುಪಾಸು, ಅದಕ್ಕೆ ನಡುಕಿವಿನೇ ಇಲ್ಲ, ಬಾಯಿಯ ಟೊಳ್ಳಲ್ಲಿ ಸದ್ದು ಹಿಡಿದು ಕೇಳಿಸ್ಕೊಳ್ಳುತ್ತೆ ಅಂತ 2013ರಲ್ಲಿ ಕಂಡುಹಿಡಿದ್ರು. ನಾನು ಇದಕ್ಕೋಸ್ಕರಾನೇ ಈ ಬೆಟ್ಟ ಆರಿಸ್ಕೊಂಡಿದ್ದು, ಯಾಕೆ ಅಂತ ಹೇಳ್ತೀನಿ.

ಸಮುದ್ರ ಮಧ್ಯದ ದ್ವೀಪಗಳು ಸಾಮಾನ್ಯವಾಗಿ ಜ್ವಾಲಾಮುಖಿಯಿಂದಲೋ ಹವಳದಿಂದಲೋ ಆಗಿರುತ್ವೆ. ಮಾಹೆ, ಪ್ರಾಸ್ಲಿನ್, ಲಾ ಡೀಗ್ ಹಾಗಲ್ಲ, ಇವು ಗ್ರಾನೈಟು, 75 ಕೋಟಿ ವರ್ಷ ಹಳೇದು, ಒಂದು ಖಂಡದ ಚೂರು. ಗೊಂಡ್ವಾನ ಅನ್ನೋ ಹಳೇ ಮಹಾಖಂಡ ಒಡೆದಾಗ ಭಾರತದಿಂದ ಮಡಗಾಸ್ಕರ್ ಮೊದಲು ಬೇರೆ ಆಯ್ತು, ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪದ ಕಂಬಕಂಬದ ಕಲ್ಲು ಆ ಕಾಲದ ಲಾವಾದ್ದು. ಸೀಶೆಲ್ಸ್ ಮಾತ್ರ ಇನ್ನೂ ಭಾರತಕ್ಕೆ ಅಂಟ್ಕೊಂಡೇ ಇತ್ತು, ದಖ್ಖನ್ ಲಾವಾ ಹರಿದ ಆರೂವರೆ ಕೋಟಿ ವರ್ಷದ ಹಿಂದಿನ ಹೊತ್ತಲ್ಲಿ ಬಿಟ್ಟು ಹೋಯ್ತು. 2003ರಲ್ಲಿ ಕಪ್ಪೆ ವಿಜ್ಞಾನಿ ಎಸ್.ಡಿ. ಬಿಜು ಅವ್ರು ಕೇರಳದ ಪಶ್ಚಿಮಘಟ್ಟದಲ್ಲಿ ಸಿಕ್ಕ ನೇರಳೆ ಕಪ್ಪೆಯನ್ನ ಜಗತ್ತಿಗೆ ಪರಿಚಯಿಸಿದಾಗ, ಅದರ ಹತ್ತಿರದ ಸಂಬಂಧಿಕರು ಇಡೀ ಪ್ರಪಂಚದಲ್ಲಿ ಇರೋದು ಸೀಶೆಲ್ಸ್‌ನ ಈ ಪುಟ್ಟ ಕಪ್ಪೆಗಳು ಮಾತ್ರ ಅಂತ ಗೊತ್ತಾಯ್ತು. ಘಟ್ಟದಲ್ಲಿ ಒಂದು ಕುಟುಂಬ, ಕಡಲಾಚೆ ಈ ಬೆಟ್ಟಗಳಲ್ಲಿ ಒಂದು ಕುಟುಂಬ. ಕಪ್ಪೆಗೆ ಉಪ್ಪುನೀರು ದಾಟೋಕಾಗಲ್ಲ, ನೆಲವೇ ಅದನ್ನ ಹೊತ್ಕೊಂಡು ಬಂತು. ಘಟ್ಟದ ಮಗಳಾಗಿ ನಂಗೆ ಆ ಸದ್ದು ಕೇಳ್ಬೇಕಿತ್ತು, ಕೇಳಿದೆ, ಕಣ್ಣಿಗೆ ಒಂದೂ ಕಾಣ್ಲಿಲ್ಲ, ಎಲೆ ಎತ್ತಿ ಹುಡುಕೋದು ಬೇಡ ಅಂತ ತಮ್ಮನಿಗೂ ಹೇಳ್ದೆ.

ಮೇಲೆ ಹೋದ್ಮೇಲೆ ಬಂಡೆ ಅಂಚಿನ ಕಟ್ಟೆ, ಕೆಳಗೆ ಪಶ್ಚಿಮ ತೀರ ಪೂರ್ತಿ. ಪುಳಿಯೋಗರೆ ಬಿಚ್ಚಿ ತಿಂದ್ವಿ. ಕೊನೇ ಬಸ್ಸು ಸಂಜೆ ಬೇಗಾನೇ ಹೋಗ್ಬಿಡುತ್ತೆ, ಈ ಕಡೆ ಬರೋರು ನಾಲ್ಕು ಗಂಟೆ ಒಳಗೆ ರಸ್ತೆಗೆ ಇಳಿದಿರಿ.

ಶುಕ್ರವಾರ

ಬೆಲ್ ಓಂಬ್ರ್‌ವರೆಗೆ ಬಸ್ಸು, ಅಲ್ಲಿಂದ ಆನ್ಸ್ ಮಜೋರ್‌ಗೆ ಒಂದೂಕಾಲು ಗಂಟೆ ಕಾಲುದಾರಿ, ರಸ್ತೆನೇ ಇಲ್ದಿರೋ ಬೀಚು. ಬಂಡೆ ಮೇಲೆ ಬಿಸಿಲು ಸುಡುತ್ತೆ, ಬೆಳಗ್ಗೆ ಏಳಕ್ಕೇ ಹೊರಡಿ, ತಲೆಗೆ ಎರಡು ಲೀಟರ್ ನೀರು. ಈಜಿದ್ವಿ, ಮಲಗಿದ್ವಿ, ವಾಪಸ್ ಬರ್ತಾ ಟೇಕ್‌ಅವೇಯಲ್ಲಿ ಡಬ್ಬಿ ಊಟ, ನಂಗೆ ಅನ್ನ, ಬೇಳೆ, ಪಪ್ಪಾಯಿಕಾಯಿ ಚಟ್ನಿ, ಅವ್ನಿಗೆ ಮೀನಿನ ಸಾರು. ಆಫೀಸಿನೋರು, ಗಾರೆ ಕೆಲಸದೋರು ಎಲ್ಲಾ ಅಲ್ಲೇ ಕ್ಯೂ ನಿಂತಿರ್ತಾರೆ, ಮಧ್ಯಾಹ್ನ ಒಂದೂವರೆಗೆಲ್ಲ ಖಾಲಿ.

ಶನಿವಾರ

ಪ್ರಾಸ್ಲಿನ್‌ಗೆ ಕ್ಯಾಟ್ ಕೋಕೋಸ್ ಫೆರ್ರಿ, ಒಂದು ಗಂಟೆ ದಾರಿ. ಅಲ್ಲಿಯ ಜನಕ್ಕೆ ಒಂದು ದರ, ನಮಗೆ ಯೂರೋದಲ್ಲಿ ಬೇರೆ ದರ, ಒಂದು ಕಡೆಗೇ 50 ಯೂರೋ ಮೇಲೆ. ಕೊಡೋವಾಗ ಕೈ ತಡೆಯುತ್ತೆ, ಆದ್ರೆ ಅವ್ರಿಗೆ ಅದು ಆಸ್ಪತ್ರೆಗೆ, ಕೆಲಸಕ್ಕೆ ಓಡಾಡೋ ದಾರಿ, ಅವ್ರಿಗೆ ಕಮ್ಮಿ ಇರೋದೇ ನ್ಯಾಯ ಅಂತ ನಂಗನ್ಸುತ್ತೆ. ಹೊಟ್ಟೆ ತೊಳಸೋರು ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ, ಅಲ್ಲಿ ಕುಲುಕಾಟ ಕಮ್ಮಿ.

ಮಧ್ಯಾಹ್ನ ಬಸ್ಸಲ್ಲಿ ಆನ್ಸ್ ಬೂದಾನ್‌ವರೆಗೆ ಹೋಗಿ ಗುಡ್ಡ ಹತ್ತಿಳಿದು ಆನ್ಸ್ ಲಾಜಿಯೋ. ಪ್ರಪಂಚದ ಒಳ್ಳೇ ಬೀಚ್‌ಗಳ ಪಟ್ಟಿಯಲ್ಲೆಲ್ಲ ಬರೋ ಹೆಸರು, ಪ್ರವೇಶ ಫ್ರೀ. ಮರಳ ಅಂಚಿಗೆ ನೆರಳು ಕೊಡೋ ಟಕಮಕಾ ಮರಗಳು, ನೋಡಿದ್ರೆ ನಮ್ಮ ಸುರಹೊನ್ನೆ! ಅಜ್ಜಿ ಕಾಲದಲ್ಲಿ ದೀಪಕ್ಕೆ ಹಾಕ್ತಿದ್ದ ಹೊನ್ನೆ ಎಣ್ಣೆ ಇದೇ ಮರದ ಬೀಜದ್ದು. ಸಂಜೆ ಐದರ ತನಕ ನೆರಳಲ್ಲಿ ಬಿದ್ಕೊಂಡಿದ್ವಿ.

ಭಾನುವಾರ

ವಾಲೆ ದ ಮೇ. ಇಲ್ಲಿ ಟಿಕೆಟ್ ದುಬಾರಿ, ಹಿಂದೆ ಮುಂದೆ ನೋಡ್ದೆ ಕೊಡಿ. ಬೇರೆ ಕಡೆ ಉಳಿಸಿದ್ದೆಲ್ಲ ಇಂಥದಕ್ಕೇ. ಕೋಕೋ ದ ಮೇರ್ ಅನ್ನೋ ತಾಳೆ ಜಾತಿಯ ಮರಗಳ ಕಾಡು, 1983ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಪ್ರಪಂಚದಲ್ಲೇ ದೊಡ್ಡ ಬೀಜ, ಒಂದೊಂದು ಹದಿನೈದಿಪ್ಪತ್ತು ಕೆಜಿ ತೂಗಬಹುದು, ಕಾಯಿ ಬಲಿಯೋಕೆ ಆರೇಳು ವರ್ಷ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಳಗೆ ಹೋದ್ರೆ ತಲೆ ಮೇಲೆ ಮಡಿಕೆ ಮಡಿಕೆ ದೊಡ್ಡ ಎಲೆಗಳು, ಗಾಳಿ ಬಂದ್ರೆ ತಗಡು ಬಡಿದಂಗೆ ಸದ್ದು. ಮಳೆ ಬಿದ್ರೆ ಆ ಮಡಿಕೆಗಳಲ್ಲಿ ನೀರು ಹರಿದು, ಪರಾಗ, ಹಕ್ಕಿ ಹಿಕ್ಕೆ ಎಲ್ಲಾ ತೊಳ್ಕೊಂಡು ನೇರ ತನ್ನ ಬುಡಕ್ಕೇ ಬರುತ್ತೆ. ಬಡ ಮಣ್ಣಲ್ಲಿ ಅಷ್ಟು ದೊಡ್ಡ ಬೀಜ ಬೆಳೆಸೋಕೆ ಆ ಮರ ಮಾಡ್ಕೊಂಡಿರೋ ಏರ್ಪಾಡು ಅದು.

ಈ ಕಾಯಿ ಭಾರತಕ್ಕೆ ಹೊಸದಲ್ಲ. ದ್ವೀಪ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ದಿರೋ ಕಾಲದಲ್ಲೇ ಒಣಗಿದ ಬುರುಡೆಗಳು ತೇಲ್ಕೊಂಡು ಮಾಲ್ಡೀವ್ಸ್‌ಗೆ, ನಮ್ಮ ತೀರಕ್ಕೆ ಬರ್ತಿದ್ವು, ಸಾಧುಗಳು ಅದನ್ನ ಅರ್ಧ ಮಾಡಿ ಕಮಂಡಲು ಮಾಡ್ಕೊಳ್ತಿದ್ರು. ಮರ ಇರೋ ಜಾಗ ಫ್ರೆಂಚರಿಗೆ ಸಿಕ್ಕಿದ್ದು 1768ರಲ್ಲಿ. 1881ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಸೇನಾಧಿಕಾರಿ ಜನರಲ್ ಗಾರ್ಡನ್ ಇದೇ ಬೈಬಲ್ಲಿನ ಈಡನ್ ತೋಟ ಅಂತ ನಂಬಿಬಿಟ್ರು. ಬಾಗಿಲ ಹತ್ರ ಒಂದು ಕಾಯಿ ಇಟ್ಟಿರ್ತಾರೆ, ಎತ್ತಿ ನೋಡ್ಬಹುದು, ತಮ್ಮ ಎತ್ತಿ ಸೊಂಟ ಹಿಡ್ಕೊಂಡ. ಮನೆಗೆ ತರೋ ಆಸೆ ಇದ್ರೆ ಸರ್ಕಾರದ ಪರವಾನಗಿ ಸ್ಟಿಕ್ಕರ್ ಇರೋದನ್ನೇ ತಗೋಬೇಕು, ಕದ್ದು ಮಾರೋರ ಕಾಟದಿಂದ ಈ ಮರಕ್ಕೆ ಹೊಸ ಸಸಿ ಹುಟ್ಟೋದೇ ಕಷ್ಟ ಆಗಿದೆ. ನಾವು ತಗೊಳ್ಲಿಲ್ಲ. ಕಪ್ಪು ಗಿಳಿ ಒಂದು ಬಿಂಬುಳಿ ಗಿಡದ ಮೇಲೆ ಕೂತಿದ್ದು ಎರಡು ನಿಮಿಷ ಸಿಕ್ತು.

ಭಾನುವಾರ ಬಸ್ಸು ಕಮ್ಮಿ, ಅಂಗಡಿ ಬಹುಪಾಲು ಮುಚ್ಚಿರುತ್ತೆ, ಶನಿವಾರಾನೇ ಸಾಮಾನು ತಂದಿಟ್ಕೊಳ್ಳಿ.

ಸೋಮವಾರ

ಪ್ರಾಸ್ಲಿನ್‌ನಿಂದ ಲಾ ಡೀಗ್ ಬರೀ ಹದಿನೈದು ನಿಮಿಷ. ಇಲ್ಲಿ ಸೈಕಲ್ಲೇ ವಾಹನ. ಜೆಟ್ಟಿಯಲ್ಲೇ ಬಾಡಿಗೆಗೆ ಸಿಗುತ್ತೆ, ಬ್ರೇಕ್ ನೋಡಿ ತಗೊಳ್ಳಿ, ಎರಡು ದಿನಕ್ಕೆ ಅಂದ್ರೆ ಸ್ವಲ್ಪ ಬಿಡ್ತಾರೆ.

ಲೂನಿಯೋ ಎಸ್ಟೇಟ್ ಒಳಗೆ ಟಿಕೆಟ್ ತಗೊಂಡು ಹೋಗ್ಬೇಕು, ಆನ್ಸ್ ಸೂರ್ಸ್ ದಾರ್ಜಾಂ ಬೀಚಿಗೆ ದಾರಿ ಅದರ ಮೂಲಕಾನೇ. ಅಲ್ಡಾಬ್ರಾ ಅನ್ನೋ ಜಾತಿಯ ದೈತ್ಯ ಆಮೆಗಳು, ಕೊಬ್ಬರಿ ಗಾಣ, ಆಮೇಲೆ ವೆನಿಲ್ಲಾ ತೋಟ. ವೆನಿಲ್ಲಾ ಬಳ್ಳಿ ನೋಡಿದ ತಕ್ಷಣ ನಾವಿಬ್ರೂ ಮಾತಾಡ್ದೆ ನಿಂತ್ವಿ. 2003ರ ಹೊತ್ತಿಗೆ ಮಲೆನಾಡಲ್ಲಿ ವೆನಿಲ್ಲಾ ಹುಚ್ಚು ಹೇಗಿತ್ತು ಅಂತ ಆ ಕಡೆಯೋರಿಗೆ ಗೊತ್ತು, ಹಸಿ ಬೀನ್ಸ್‌ಗೇ ಕೆಜಿಗೆ ಸಾವಿರಗಟ್ಟಲೆ, ಅಡಿಕೆ ತೋಟದಲ್ಲೆಲ್ಲ ಬಳ್ಳಿ, ಕಳ್ಳತನ ಆಗ್ಬಾರ್ದು ಅಂತ ರಾತ್ರಿ ಕಾವಲು. ಹೂವು ಒಂದೇ ಬೆಳಗ್ಗೆ ಅರಳಿರುತ್ತೆ, ಅಷ್ಟರೊಳಗೆ ಒಂದೊಂದಕ್ಕೂ ಕೈಯಲ್ಲಿ ಕಡ್ಡಿ ಹಿಡಿದು ಪರಾಗ ಮುಟ್ಟಿಸ್ಬೇಕು, ಅಪ್ಪ ನನ್ನ ಕೈಯಲ್ಲಿ ಮಾಡಿಸ್ತಿದ್ರು, ಸಣ್ಣ ಬೆರಳು ಇದ್ರೆ ಹೂ ಹರಿಯಲ್ಲ ಅಂತ. ಈ ವಿದ್ಯೆ ಕಂಡುಹಿಡಿದಿದ್ದು ಇದೇ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಹನ್ನೆರಡು ವರ್ಷದ ಗುಲಾಮ ಹುಡುಗ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಆಮೇಲೆ ರೇಟ್ ಬಿದ್ದೋಯ್ತು, ಸಾಲ ಮಾಡಿ ಹಾಕಿದೋರು ಎಷ್ಟೋ ಜನ ಬಳ್ಳಿ ಕಿತ್ತು ಎಸೆದ್ರು, ನಮ್ಮನೆಯಲ್ಲೂ. "ಅಪ್ಪಂಗೆ ವಿಡಿಯೋ ಕಾಲ್ ಮಾಡೋಣ" ಅಂದ ತಮ್ಮ. ಅಪ್ಪ ಬಳ್ಳಿ ನೋಡಿ ನೆರಳು ಸಾಲ್ದು, ಬುಡಕ್ಕೆ ಇನ್ನೂ ದರಗು ಹಾಕ್ಬೇಕಿತ್ತು ಅಂದ್ರು.

ಬೀಚು ಫೋಟೋದಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿದೆ, ಗುಂಡು ಗುಂಡು ಗ್ರಾನೈಟ್ ಬಂಡೆ, ಮಧ್ಯ ಮಧ್ಯ ಬಿಳಿ ಮರಳು, ಹವಳದ ಬಂಡೆ ತಡೆಯೋದ್ರಿಂದ ನೀರು ಮೊಣಕಾಲುದ್ದ. ಉಬ್ಬರ ಇದ್ದಾಗ ಮರಳೇ ಕಾಣಲ್ಲ, ಟೈಡ್ ಟೇಬಲ್ ನೋಡ್ಕೊಂಡು ಇಳಿತದ ಹೊತ್ತಿಗೆ ಹೋಗಿ.

ಮಂಗಳವಾರ

ಬೆಳಗ್ಗೆ ವೆವ್ ರಿಸರ್ವ್‌ನಲ್ಲಿ ಲಾ ಡೀಗ್‌ನ ಕಪ್ಪು ಬಾಲದಂಡೆ ಹಕ್ಕಿ ನೋಡಿದ್ವಿ, ನಮ್ಮಲ್ಲಿಯ ಬಿಳಿ ಬಾಲದಂಡೆಯ ದಾಯಾದಿ, ಗಂಡು ಪೂರ್ತಿ ಕಡುನೀಲಿ ಕಪ್ಪು. ಆಮೇಲೆ ಸೈಕಲ್ ತುಳ್ಕೊಂಡು ಗ್ರಾಂಡ್ ಆನ್ಸ್, ಅಲ್ಲಿ ಸುಳಿ ಜೋರು, ಬೋರ್ಡ್ ಹಾಕಿದಾರೆ, ಎಷ್ಟೇ ಈಜು ಬಂದ್ರೂ ಅಲ್ಲಿ ಇಳೀಬೇಡಿ. ಅಲ್ಲೇ ಸೈಕಲ್ ನಿಲ್ಸಿ ಪೆಟಿಟ್ ಆನ್ಸ್ ದಾಟಿ ಆನ್ಸ್ ಕೋಕೋಸ್‌ಗೆ ನಡೆದ್ರೆ ತುದಿಯಲ್ಲಿ ಬಂಡೆಗಳ ಮಧ್ಯ ಒಂದು ಸಣ್ಣ ಕೊಳ, ಅಲ್ಲಿ ನೀರಲ್ಲಿ ಕೂರಬಹುದು. ಇಡೀ ದಿನಕ್ಕೆ ಆದ ಖರ್ಚು ಎರಡು ಎಳನೀರು, ಸೈಕಲ್ ಬಾಡಿಗೆ.

ಬುಧವಾರ

ಬೆಳಗಿನ ಫೆರ್ರಿಗೆ ಮಾಹೆಗೆ ವಾಪಸ್, ಮಾರ್ಕೆಟಲ್ಲಿ ಅಪ್ಪನಿಗೆ ಅಂತ ಒಂದು ಕಟ್ಟು ವೆನಿಲ್ಲಾ, ರಾತ್ರಿ ವಿಮಾನ. ಫೆರ್ರಿ ಬೆಳಗಿನದೇ ಇರ್ಲಿ ಅಂತ ಮೊದಲೇ ಆರಿಸಿದ್ವಿ, ಕಡಲು ಕೆಟ್ಟು ಒಂದು ಟ್ರಿಪ್ ರದ್ದಾದ್ರೂ ಇನ್ನೊಂದು ಸಿಗ್ಬೇಕಲ್ಲ.

ಲೆಕ್ಕ ಕೇಳೋರಿಗೆ: ತಲೆಗೆ ಒಂದು ಲಕ್ಷದ ಹತ್ತು ಸಾವಿರದ ಆಸುಪಾಸು. ಅರ್ಧದ ಹತ್ತಿರ ವಿಮಾನಕ್ಕೇ ಹೋಯ್ತು, ಉಳಿದಿದ್ದರಲ್ಲಿ ದೊಡ್ಡ ಪಾಲು ರೂಮು, ಅದರ ನಂತರ ಫೆರ್ರಿ. ಊಟ, ಬಸ್ಸು, ಸೈಕಲ್ ಎಲ್ಲಾ ಸೇರಿದ್ರೂ ಫೆರ್ರಿ ದುಡ್ಡು ಮುಟ್ಲಿಲ್ಲ. ಪ್ರಾಸ್ಲಿನ್ ಪಕ್ಕದ ಕ್ಯೂರಿಯೂಸ್ ದ್ವೀಪಕ್ಕೆ ಹೋಗ್ಲಿಲ್ಲ, ಆಮೆಗಳು ಅಲ್ಲಿ ಬಯಲಲ್ಲೇ ಓಡಾಡ್ಕೊಂಡಿರುತ್ವೆ, ದೋಣಿಯವ್ರು ಕೇಳಿದ ದುಡ್ಡು ನಮ್ಮ ಹಾಳೆಯಲ್ಲಿ ಇರ್ಲಿಲ್ಲ. ಹೋಗೋರು ಅದಕ್ಕೊಂದಿಷ್ಟು ಮೊದಲೇ ಎತ್ತಿಟ್ಕೊಂಡು ಹೋಗಿ, ಮತ್ತೆ ನಾಲ್ಕೈದು ಜನ ಸೇರಿ ಒಂದೇ ದೋಣಿ ಮಾಡ್ಕೊಂಡ್ರೆ ಹಂಚ್ಕೊಳ್ಳೋಕೆ ಸುಲಭ.